ಅಳಸೂ ಅರಿವಿ

ಗುಳೇದಗುಡ್ಡದ ರಾಚಪ್ಪ ಕಾಕಾಗ ನಾ ಹೇಳಿದ್ದು ಇಷ್ಟ:
ಬರೇ ಹಸರು ಬೇಕು, ಎಂಟು ಮೊಳ ಉದ್ದ.
ದಡಿ ಬ್ಯಾಡ, ತುಳಸಿಪಾನ ಬ್ಯಾಡ, ಆನಿಹೆಜ್ಜಿ ಬ್ಯಾಡ,
ರೇಶಿಮಿ ಹಾಕಬ್ಯಾಡ, ಮಿಂಚಬಾರದು.
ಕುಣಿಮಗ್ಗದಾಗ ಕಾಲು ಇಳಿಬಿಟ್ಟು ಕುಂತಾಂವ ಕೇಳಿದ,
"ಯಾರ್ ಉಡತಾರವಾ ಇದನ್ನ?"
ಯಾರೂ ಉಡೂದಿಲ್ಲ, ಗ್ವಾಡಿಗೆ ಹಾಕತೀನಿ.
"ನೋಡಾವ್ರು?"
ಯಾರಿಗೂ ಕಾಣೂದಿಲ್ಲ. ಕ್ಯಾಮೆರಾದಾಗ ಹಿಡದು,
ಹಸರ ಇದ್ದಲ್ಲೆಲ್ಲಾ ಅಳಸತೀನಿ.
ಲಾಳಿ ಕೈಯಾಗ ಹಿಡದು ಚೂರು ಹೊತ್ತು ಸುಮ್ಮನಿದ್ದ.
"ಅಳಸಾಕ ಗಟ್ಟಿ ನೂಲು ಬೇಕೋ,
ತೆಳ್ಳಂದು ನಡೀತೈತೋ?"

ನನ್ನ ಸ್ಟುಡಿಯೋ ಅಂದ್ರ ಹಿಂದ ಸೇಂಗಾದ ಗೋದಾಮು.
ಕಿಡಕಿಗೆ ತಗಡು ಬಡದೇನಿ,
ಗುಡ್ಡದ ಬಿಸಿಲು ಹೊರಗ ಎಷ್ಟು ಒದರಿದ್ರೂ
ಒಳಗ ನಾ ಹೇಳಿದ್ದ ಬೆಳಕು.
ಖಣದ ಮಗ್ಗ, ಅಗಲ ಸಣ್ಣದು,
ಮೂರು ಪಟ್ಟಿ ಕೂಡಿಸಿ ಹೊಲದಿತ್ತು ಅರಿವಿ.
ಎರಡು ಹೊಲಿಗಿ, ಎರಡು ಕರೀ ಗೆರಿ.
ಎಡಕ್ಕೊಂದು ಬಲಕ್ಕೊಂದು ದೀಪ ಇಟ್ಟೆ,
ಬಟರ್ ಪೇಪರ್ ಕಟ್ಟಿ ಬೆಳಕಿನ ಹಲ್ಲು ಮುರದೆ.
ಮೂಲಿ ಕಪ್ಪಾತು, ಹಿಂದ ಸರಿಸಿದೆ.
ನಡುವ ಬೆಳ್ಳಗಾತು, ಇನ್ನೊಂದೀಟು ಹೊಳ್ಳಿಸಿದೆ.
ಸಂಜಿಮಟ ದೀಪದ ಕಾಲು ಎಳದಾಡಿದ ಮ್ಯಾಲ
ಗಾಳಿ ಇಲ್ಲದ ದಿನದ ಕೆರಿಹಂಗ
ಹಸರು ನಿಂತಿತು.

ನಾಳೆ ಬರಾಕಿ ಮದುಮಗಳು ಶಾಕಂಬರಿ,
ಕಾಶ್ಮೀರದ ಹಿಮದಾಗ ನಡೀಬೇಕಂತ.
ಹಸರ ಬಳಿ ತಗೀರಿ ಅಂದ್ರ ಅವರವ್ವ
"ಬಳಿ ತಗಿಸೂದಾದ್ರ ನಿನ್ನ ಕ್ಯಾಮೆರಾಕ್ಕ ಬೆಂಕಿ ಹಚ್ಚು" ಅಂದಾಳ.
ಬಳಿ ಇದ್ರ ಮುಂಗೈ ಒಂದು ಕಡೆ, ಅಂಗೈ ಒಂದು ಕಡೆ,
ನಡುವ ಹಿಮ.

ಉಳದ ಮುನ್ನೂರು ಇಸ್ಕೊಳ್ಳಾಕ ಬಂದ ಕಾಕಾ.
ಚೂರು ನಿಂದ್ರು, ಬೆಳಕು ನೋಡೂಣು, ಅಂದೆ.
ಅರಿವಿಗೆ ಹತ್ತಬ್ಯಾಡ, ಆರು ಹೆಜ್ಜಿ ಈಚಿಗೆ ಬಾ,
ಹತ್ರ ನಿಂತ್ರ ಹಸರು ಗಲ್ಲಕ್ಕ ಬಡೀತೈತಿ.
"ಖರೆ. ನೀಲಿ ಅದ್ದೂ ದಿನ
ನಮ್ಮ ಮನಿ ಬೆಕ್ಕೂ ನೀಲಿ ಇರತಿತ್ತು."
ಹಿಂದಿಂದ ನೆತ್ತಿಗೊಂದು ಸಣ್ಣ ದೀಪ ಬಿಟ್ಟೆ,
ಬಿಳೀ ಕೂದಲ ಒಂದೊಂದೂ
ಅರಿವಿ ಬಿಟ್ಟು ಬ್ಯಾರೆ ನಿಂತಿತು.

ಹಿಮ ಬಂತು.
ಧೋತರ ಉಟ್ಟಾಂವ ದೇವದಾರು ಗಿಡದ ನಡುವ ನಿಂತಾನ.
ಬೆರಳಿಲ್ಲ.
ಎಂಟು ದಿನ ನೂಲು ಅದ್ದಿದ ಬಣ್ಣ,
ಉಗುರಿನಿಂದ ಗೆಣ್ಣಿನತನಕ, ಇನ್ನೂ ತೊಳದು ಹೋಗಿಲ್ಲ.
ಕೈ ಎತ್ತಿದ. ತಿರುವಿದ.
ಅಂಗೈ ಮುಗದಲ್ಲಿ ಹಿಮ ಸುರೀತಿತ್ತು.
ಹೆಬ್ಬಟ್ಟಿನಿಂದ ಒಂದೊಂದ ಬೆರಳು ಮುಟ್ಟಿ ಎಣಿಸಿದ.
"ಇಲ್ಲೇ ಅದಾವಲ್ಲ."

ಟಾಲರನ್ಸ್ ಅಂತ ಒಂದು ಗುಂಡಿ ಐತಿ,
ನಾ ಅದಕ್ಕ ಸಹನಿ ಅಂತೀನಿ.
ಸಹನಿ ಇಳಿಸಿದೆ. ಉಗುರು ಬಂದ್ವು,
ಗೆಣ್ಣು ಬಂದ್ವು,
ಅದರ ಬೆನ್ನಿಗೆ ಹಿಮದ ಮ್ಯಾಲ
ಉದ್ದಕ ಎರಡು ಹಸರ ಗೆರಿ.
ಏರಿಸಿದೆ. ಗೆರಿ ಹೋದ್ವು, ಬೆರಳೂ ಹೋದ್ವು.
ಇಳಿಸಿದೆ.
ಕಾಕಾ ಪರದೆಕ್ಕ ಮುಖ ಹಚ್ಚಿ ನೋಡಿದ,
ಬೆರಳ ನೋಡಲಿಲ್ಲ.
"ಇದು ನಮ್ಮಾಕಿ ಹೊಲಿಗಿ. ನೋಡು,
ನಡುವ ಎದ್ದು ಒಲಿ ಮುಂದ ಹೋಗ್ಯಾಳ,
ಬಂದು ಮತ್ತ ಹಿಡದಾಳ."
ನನಗ ಬರೇ ಗೆರಿ ಕಂಡಿತ್ತು.

ಬಳಿ ವಿಚಾರ ಕೇಳಿದೆ.
"ಮದುವಿ ಬಳಿ ಹಸರು ಕರಿಗೆ ತಿರಗಿರತೈತಿ,
ಇದು ಎಳೀ ಬಾಳಿಎಲಿ.
ಎರಡೂ ಒಂದ ಅಂದಾವ್ರು ಯಾರು?"
ಕಂಪ್ಯೂಟರ್ ಅಂತ ಹೇಳಾಕ ನಾಚಿಕಿ ಆತು.

ಮುನ್ನೂರು ಕೊಟ್ಟೆ. ಅಲ್ಲೇ, ದೀಪದ ನಡುವ,
ನಿಂತಲ್ಲೇ ಎಣಸಾಕ ಹತ್ತಿದ.
ಗುಂಡಿ ಯಾವಾಗ ಏರಿಸಿದ್ನೋ ಖಬರಿಲ್ಲ.
ಪರದೆದಾಗ ಮೂರು ನೋಟು
ಹಿಮದ ಮ್ಯಾಲ ತೇಲಿ,
ಒಂದರ ಹಿಂದ ಒಂದು
ತಾವ ಸರೀತಿದ್ವು.